'ಪ್ರೈ' ಎಂಬ ಪುಟ್ಟ ಪದ



ಇಂಗ್ಲಿಷಿನಲ್ಲಿ 'ಪ್ರೈ' ಎಂಬ ಕ್ರಿಯಾಪದವಿದೆ. ಅಕ್ಷರಗಳು ಮೂರೇ: ಪಿ, ಆರ್, ವೈ. ಇನ್ನೊಬ್ಬರು ಹೇಳಲು ಇಷ್ಟಪಡದ, ನಮಗೆ ಸಂಬಂಧಪಡದ ವಿಷಯವನ್ನು ಕೆದಕಿ ತಿಳಿಯಲು ನೋಡುವುದು ಇದರ ಅರ್ಥ. ಮೂಗು ತೂರಿಸುವುದು ಎಂದು ನಾವು ಹೇಳುವುದೂ ಇದನ್ನೇ.

ಬಳಕೆಯಲ್ಲಿ ಕೆಲವು ಅಂಶಗಳನ್ನು ಗಮನಿಸಿ. ಕೆದಕುವ ವಿಷಯವನ್ನು ಹೇಳುವಾಗ 'ಪ್ರೈ' ನಂತರ 'ಇನ್‌ಟು' ಬರುತ್ತದೆ: 'ಡೋಂಟ್ ಪ್ರೈ ಇನ್‌ಟು ಅದರ್ ಪೀಪಲ್ಸ್ ಲೈವ್ಸ್.' ಭೂತಕಾಲದಲ್ಲಿ ವೈ ಹೋಗಿ ಐ-ಇ-ಡಿ ಸೇರುತ್ತದೆ; ಉಚ್ಚಾರಣೆ 'ಪ್ರೈಡ್.' ಹೆಮ್ಮೆ ಎಂಬ ಅರ್ಥದ ಪದವೂ ಹಾಗೆಯೇ ಕೇಳಿಸುತ್ತದೆ, ಆದ್ದರಿಂದ ಬರೆಯುವಾಗ ಎಚ್ಚರವಿರಲಿ. 'ಐ ಡೋಂಟ್ ಮೀನ್ ಟು ಪ್ರೈ' ಎಂದರೆ 'ಕೆದಕಬೇಕೆಂದು ಕೇಳುತ್ತಿಲ್ಲ' ಎಂಬ ಸೌಜನ್ಯದ ಮಾತು. ಇದೇ ಅಕ್ಷರಗಳ, ಬೇರೆ ಮೂಲದ ಇನ್ನೊಂದು 'ಪ್ರೈ' ಇದೆ. ಬಿಗಿದ ಮುಚ್ಚಳವನ್ನು ಮೀಟಿ ತೆಗೆಯುವುದಕ್ಕೆ 'ಪ್ರೈ ಓಪನ್' ಎನ್ನುತ್ತಾರೆ.

ಉರ್ದು ಬಲ್ಲವರಿಗೆ 'ತಜಸ್ಸುಸ್' ಪದ ಗೊತ್ತು. ಉರ್ದುವಿನಲ್ಲಿ ಅದು ಕುತೂಹಲ ಎಂಬ ಒಳ್ಳೆಯ ಅರ್ಥದಲ್ಲೂ ಬರುತ್ತದೆ. ಅರಬ್ಬಿಯಲ್ಲಿ ಮಾತ್ರ ಅದು ಪರರ ಗುಟ್ಟು ಹುಡುಕುವುದು. 'ಜಾಸೂಸ್' ಹುಟ್ಟಿದ್ದೂ ಅದೇ ಧಾತುವಿನಿಂದ. ಕುರ್‌ಆನಿನ ಸೂರಾ ಹುಜುರಾತ್‌ನ 12ನೇ ವಚನವು ಮೊದಲು ಸಂಶಯವನ್ನು, ನಂತರ ಈ ತಜಸ್ಸುಸನ್ನು, ಆಮೇಲೆ ಪರನಿಂದೆಯನ್ನು ತಡೆಯುತ್ತದೆ. ಸಂಶಯಪಟ್ಟವನು ಕೆದಕುತ್ತಾನೆ, ಕೆದಕಿದವನು ಆಡಿಕೊಳ್ಳುತ್ತಾನೆ. ಈ ಕ್ರಮ ಯೋಚಿಸತಕ್ಕದ್ದು.

ನಮ್ಮ ದೇಶದ ಕಾನೂನೂ ಇದನ್ನು ಲಘುವಾಗಿ ನೋಡಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ನೀಡಿತು.

ಹಾಗಾದರೆ ಪ್ರಶ್ನೆ ಕೇಳುವುದೇ ತಪ್ಪೇ? ಖಂಡಿತ ಅಲ್ಲ. ಪಾಠ ಅರ್ಥವಾಗದಿದ್ದರೆ ಹತ್ತು ಸಲ ಕೇಳಿ. ಅದು 'ಪ್ರೈ' ಅಲ್ಲ, ಜಿಜ್ಞಾಸೆ. ಆದರೆ ಫೇಲಾದ ಗೆಳೆಯನನ್ನು ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ 'ಎಷ್ಟು ಮಾರ್ಕ್ಸ್ ಬಂತು?' ಎಂದು ಕೇಳುವುದು 'ಪ್ರೈ'.

ಹಿರಿಯರಲ್ಲೂ ಒಂದು ವಿನಂತಿ. ವಿದ್ಯಾರ್ಥಿವೇತನ ಕೊಡುವವರು ಮನೆಯ ಆದಾಯ ಕೇಳಲೇಬೇಕು. ಹಣ ಅರ್ಹರಿಗೆ ತಲುಪಬೇಕಲ್ಲವೇ? ಅದು ವಿಚಾರಣೆ. ಅದೇ ಪ್ರಶ್ನೆಯನ್ನು ಸಾಲಿನಲ್ಲಿ ನಿಂತವರೆಲ್ಲರಿಗೂ ಕೇಳಿಸುವಂತೆ ಕೇಳಿದರೆ, ಅಥವಾ ಅಪ್ಪ ಮನೆ ಬಿಟ್ಟು ಹೋದದ್ದೇಕೆ ಎಂದು ಮಗುವನ್ನು ಕೇಳಿದರೆ, ಅದು ಕೆದಕಿದಂತೆ. ಅವಮಾನಕ್ಕೆ ಹೆದರಿ ಮಗು ಅರ್ಜಿಯನ್ನೇ ಹಾಕದೆ ಹೋದರೆ ನಷ್ಟ ಆ ಮನೆಗೂ ಹೌದು, ಸಮಾಜಕ್ಕೂ ಹೌದು.

ಅಗತ್ಯವಿದ್ದಷ್ಟೇ ಕೇಳೋಣ, ಮರೆಯಲ್ಲಿ ಕೇಳೋಣ, ಕೇಳಿದ್ದನ್ನು ನಮ್ಮಲ್ಲೇ ಇಟ್ಟುಕೊಳ್ಳೋಣ.