ಪಾಠ ಕೇಳುವ ಗೋಡೆಗಳು



ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ‘ದೇವಾಲಯ ಚಕ್ರವರ್ತಿ’ ಎಂದು ಶಾಸನ ಅದನ್ನು ಕೊಂಡಾಡಿದೆ. ಅದರ ಮಂಟಪದಲ್ಲಿ ಆಧಾರ ಬೇರೆ, ಅಲಂಕಾರ ಬೇರೆ ಅಲ್ಲ. ಚಾವಣಿಯನ್ನು ಹೊತ್ತ ಕಂಬವೇ ಶಿಲ್ಪವೂ ಆಗಿದೆ.

ನಮ್ಮ ಶಾಲೆಗಳಲ್ಲಿ ಕಲೆಗೆ ಈ ಭಾಗ್ಯವಿಲ್ಲ. ಕಟ್ಟಡ ಮುಗಿದ ಮೇಲೆ ಗೋಡೆಯ ಮೇಲೆ ಚಿತ್ರ ಬರೆಯಿಸುತ್ತೇವೆ; ಅದು ಕಣ್ಣಿಗಷ್ಟೇ. ಗಾರೆಯ ಗೋಡೆ, ಕಾಂಕ್ರೀಟಿನ ಚಾವಣಿ ಧ್ವನಿಯನ್ನು ಹೀರುವುದಿಲ್ಲ, ಮರಳಿ ಎಸೆಯುತ್ತವೆ. ಹಿಂದಿನ ಅಕ್ಷರದ ಅನುರಣನ ಮುಂದಿನದನ್ನು ನುಂಗುತ್ತದೆ. ಗುರುಗಳು ‘ಹಾಲು’ ಎಂದರೆ ಕೊನೆಯ ಸಾಲಿನ ಮಗು ‘ಹಾಳು’ ಎಂದು ಬರೆದೀತು. ದಡ್ಡತನದ ಹೆಸರು ಮಾತ್ರ ಮಗುವಿಗೆ. ಬದುಕೆಲ್ಲ ಕನ್ನಡ ಪಾಠ ಹೇಳಿದ ನನಗೆ ಇದು ಸಣ್ಣ ಅನ್ಯಾಯವೆನಿಸುವುದಿಲ್ಲ.

1895ರಲ್ಲಿ ಹಾರ್ವರ್ಡಿನ ಉಪನ್ಯಾಸಮಂದಿರವೊಂದಕ್ಕೂ ಇದೇ ತೊಡಕು ಬಂದಿತ್ತು. ವಾಲೇಸ್ ಸೇಬೈನ್ ಎಂಬ ವಿಜ್ಞಾನಿ ಅಲ್ಲಿ ಆಸನದ ಮೆತ್ತೆಗಳನ್ನು ತಂದಿರಿಸಿ, ಮೆತ್ತೆ ಹೆಚ್ಚಿದಂತೆ ಅನುರಣನ ಇಳಿಯುವುದನ್ನು ಅಳೆದು ತೋರಿಸಿದರು.

ಕೊಪ್ಪಳದ ಸೀಮೆಗೆ ಮೆತ್ತೆಯನ್ನು ದೂರದಿಂದ ತರಬೇಕಾಗಿಲ್ಲ. ನಮ್ಮಲ್ಲಿ ಕುರಿಯುಣ್ಣೆಯ ಕಂಬಳಿಯಿದೆ. ಹಗುರ ಮರದಲ್ಲಿ ಹಕ್ಕಿ, ಹಣ್ಣು, ದೇವರುಗಳನ್ನು ಮಾಡುವ ಕಿನ್ನಾಳದ ಚಿತ್ರಗಾರರಿದ್ದಾರೆ. ತರಗತಿಯ ಹಿಂಬದಿಯ ಗೋಡೆಗೆ ನಾಲ್ಕು ಬೆರಳು ಅಂತರ ಬಿಟ್ಟು ಕಂಬಳಿ ಕಟ್ಟಿ, ಅದರ ಮುಂದೆ ಅವರ ಕೈಯ ಮರದ ಜಾಲರಿ ನಿಲ್ಲಿಸೋಣ. ಧ್ವನಿ ಜಾಲರಿಯ ಕಂಡಿಗಳಲ್ಲಿ ನುಸುಳಿ ಉಣ್ಣೆಯಲ್ಲಿ ಅಡಗುತ್ತದೆ. ಕಣ್ಣಿಗೂ ಹಬ್ಬ, ಕಿವಿಗೂ ಹಿತ.

ಒಂದೇ ಮಾತು: ಚಿತ್ರಗಾರನನ್ನು ಕರೆಯಬೇಕಾದದ್ದು ನಕ್ಷೆ ಬರೆಯುವ ದಿನ, ಉದ್ಘಾಟನೆಯ ಹಿಂದಿನ ದಿನವಲ್ಲ.