ಕಣ್ಣಿನ ನರಕ್ಕೊಂದು ಚಪ್ಪರ

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವ ಶಿಕ್ಷಕಿ. ವಿಜ್ಞಾನದ ವಿಷಯ ಆರಿಸಿಕೊಳ್ಳಲು ಕಾರಣ ನಮ್ಮ ದಾದಾ. ಅವರ ಕಣ್ಣು ಮಂಜಾದಾಗ ಪೊರೆ ಬಂದಿರಬೇಕು, ಆಪರೇಷನ್ ಮಾಡಿಸಿದರಾಯಿತು ಎಂದು ನಾವು ದಿನ ತಳ್ಳಿದೆವು. ಕೊನೆಗೆ ವೈದ್ಯರು, "ಇದು ಸಫೇದ್ ಮೋತಿಯಾ ಅಲ್ಲ, ಕಾಲಾ ಮೋತಿಯಾ. ಹೋದ ದೃಷ್ಟಿ ಮರಳದು" ಎಂದರು. ಕಾಲಾ ಮೋತಿಯಾ ಎಂದರೆ ಗ್ಲಾಕೋಮಾ.

ಏಕೆ ಮರಳದು? ನಮ್ಮ ಅಕ್ಷಿಪಟಲದಿಂದ ಮೆದುಳಿಗೆ ಸುಮಾರು 10 ಲಕ್ಷ ನರತಂತುಗಳು ಹೋಗುತ್ತವೆ. ಇವುಗಳ ಕಟ್ಟೇ ದೃಷ್ಟಿನರ. ಗ್ಲಾಕೋಮಾದಲ್ಲಿ ಈ ತಂತುಗಳೂ ಅವುಗಳ ಜೀವಕೋಶಗಳೂ ನಾಶವಾಗುತ್ತವೆ. ಕೈಕಾಲಿನ ನರ ತುಂಡಾದರೆ ನಿಧಾನವಾಗಿ ಬೆಳೆಯಬಲ್ಲದು. ಕಪ್ಪೆ, ಮೀನುಗಳಲ್ಲಿ ದೃಷ್ಟಿನರವೂ ಬೆಳೆಯುತ್ತದೆ. ಮನುಷ್ಯನಲ್ಲಿ ಅದು ತಾನಾಗಿ ಬೆಳೆಯುವುದಿಲ್ಲ.

ಹಾಗಾದರೆ ಬೆಳೆಯುವ ಶಕ್ತಿಯೇ ಇಲ್ಲವೇ? 1980ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಆಲ್ಬರ್ಟ್ ಅಗಾಯೊ ಮತ್ತು ಸಂಗಡಿಗರು ಇಲಿಯ ಕಾಲಿನ ನರದ ತುಂಡನ್ನು ಕಣ್ಣಿಗೆ ಜೋಡಿಸಿದರು. ಕಣ್ಣಿನ ತಂತುಗಳು ಅದರೊಳಗೆ ಬೆಳೆದವು! ಶಕ್ತಿ ಇತ್ತು, ಹಬ್ಬಲು ಆಸರೆ ಇರಲಿಲ್ಲ. ಬಳ್ಳಿಗೆ ಚಪ್ಪರ ಬೇಕಲ್ಲವೇ, ಹಾಗೆ.

ಆ ಚಪ್ಪರವನ್ನು ಪ್ರಯೋಗಾಲಯದಲ್ಲೇ ತಯಾರಿಸುವುದು ಬಯೋಮೆಟೀರಿಯಲ್ ವಿಜ್ಞಾನದ ಕೆಲಸ. ಅದು ದೇಹಕ್ಕೆ ಒಗ್ಗಬೇಕು, ತಂತುವಿಗೆ ದಾರಿ ತೋರಬೇಕು, ಕೆಲಸ ಮುಗಿದ ಮೇಲೆ ಕರಗಿಹೋಗಬೇಕು. 2006ರಲ್ಲಿ ಅಮೆರಿಕದ ಎಂಐಟಿ ಮತ್ತು ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹ್ಯಾಮ್‌ಸ್ಟರ್‌ಗಳ ಮೆದುಳಿನಲ್ಲಿ ದೃಷ್ಟಿಯ ನರಮಾರ್ಗವನ್ನು ಕತ್ತರಿಸಿ, ಅಲ್ಲಿಗೆ ಪೆಪ್ಟೈಡ್ ದ್ರಾವಣ ಹಾಕಿದರು. ಪೆಪ್ಟೈಡ್ ಎಂದರೆ ಪ್ರೋಟೀನಿನ ಕಿರುತುಣುಕು. ಅದು ತಾನಾಗಿ ಅತಿಸೂಕ್ಷ್ಮ ಎಳೆಗಳ ಬಲೆಯಾಯಿತು. ನರತಂತುಗಳು ಗಾಯವನ್ನು ದಾಟಿದವು. ಅನೇಕ ಪ್ರಾಣಿಗಳು ತೋರಿಸಿದ ಆಹಾರದತ್ತ ಮತ್ತೆ ತಲೆ ತಿರುಗಿಸಿದವು.

ಆದರೆ ಇದು ಪ್ರಾಣಿಗಳ ಮೇಲಿನ ಪ್ರಯೋಗ. ಅಲ್ಲಿ ತಂತು ಕತ್ತರಿಸಿದ್ದರೂ ಕೋಶ ಬದುಕಿತ್ತು. ಗ್ಲಾಕೋಮಾದಲ್ಲಿ ಬಳ್ಳಿಯ ಬೇರೇ ಸಾಯುತ್ತದೆ. ಹೊಸ ಕೋಶ ನೆಡಬೇಕು, ಅದರ ತಂತು ಮೆದುಳಿನ ಸರಿಯಾದ ಜಾಗ ಮುಟ್ಟಬೇಕು. ಈ ದಿಕ್ಕಿನಲ್ಲಿ ಸಂಶೋಧನೆ ನಡೆದಿದೆ. ಆಸ್ಪತ್ರೆಯಲ್ಲಿ ಸಿಗುವ ಚಿಕಿತ್ಸೆಯಾಗಿ ಅದಿನ್ನೂ ಬಂದಿಲ್ಲ. "ಕಣ್ಣಿನ ನರ ಬೆಳೆಸುತ್ತೇವೆ" ಎಂದು ಯಾರಾದರೂ ಹಣ ಕೇಳಿದರೆ ನಂಬಬೇಡಿ.

ಹಿರಿಯರೇ, 40 ದಾಟಿದವರು, ಮನೆಯಲ್ಲಿ ಗ್ಲಾಕೋಮಾ ಇದ್ದವರು ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಿ. ಬೇಗ ತಿಳಿದರೆ ಔಷಧದ ಹನಿಗಳಿಂದ ಉಳಿದ ದೃಷ್ಟಿಯನ್ನು ಕಾಪಾಡಬಹುದು. ನಾವು ತಡಮಾಡಿದೆವು, ನೀವು ಮಾಡಬೇಡಿ.

ಮಕ್ಕಳೇ, ಈ ಕೆಲಸಕ್ಕೆ ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಜಿನಿಯರಿಂಗ್ ಮೂರೂ ಬೇಕು. ನಿಮ್ಮಲ್ಲೊಬ್ಬರು ಆ ಚಪ್ಪರಕ್ಕೆ ಒಂದು ಗಳವನ್ನಾದರೂ ಸೇರಿಸಿದರೆ ಈ ಶಿಕ್ಷಕಿಗೆ ಅದಕ್ಕಿಂತ ಸಂತೋಷ ಬೇರಿಲ್ಲ.