ಬಿಕ್ಕಳಿಕೆ ಬಂದರೆ ನಗೋಣ, ನಿಲ್ಲದಿದ್ದರೆ ಎಚ್ಚರಾಗೋಣ

(ಸದಸ್ಯರ ತರಬೇತಿ ಶಿಬಿರದಲ್ಲಿ ನಿವೃತ್ತ ಹಾಲು ಪರೀಕ್ಷಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಬೆಳಿಗ್ಗೆಯಿಂದ ಹಸಿರು ಮೇವು, ಕೆಚ್ಚಲು ಬಾವು, ಖನಿಜ ಮಿಶ್ರಣ ಎಂದು ಬಹಳ ವಿಷಯ ಕೇಳಿದ್ದೀರಿ. ಈಗ ಊಟವೂ ಆಗಿದೆ. ಊಟವಾದ ಮೇಲೆ ಮಾತನಾಡುವವನ ಕಷ್ಟ ನನಗೆ ಗೊತ್ತು. ಅದಕ್ಕೆ ನಿದ್ದೆ ಬಾರದಂಥ ವಿಷಯ ಆರಿಸಿಕೊಂಡಿದ್ದೇನೆ. ಅದು ಬಿಕ್ಕಳಿಕೆ. ರೊಟ್ಟಿ, ಶೇಂಗಾ ಹಿಂಡಿ ಅವಸರದಲ್ಲಿ ಉಂಡವರಿಗೆ ಇಷ್ಟರಲ್ಲಿ ಅದು ಶುರುವಾಗಿರಲೂಬಹುದು.

ನಾನು 1990ರ ದಶಕದಲ್ಲಿ ಕಮಲಾಪುರದ ಕಡೆಯ ಒಂದು ಸಣ್ಣ ಸಂಘದಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದೆ. ಆಗ ನಮ್ಮಲ್ಲಿ ಈಗಿನಂತೆ ಯಂತ್ರವಿರಲಿಲ್ಲ, ಗರ್ಬರ್ ಪದ್ಧತಿ ಇತ್ತು. ಬ್ಯುಟಿರೋಮೀಟರಿನಲ್ಲಿ 10 ಮಿಲಿ ಗಂಧಕಾಮ್ಲ, ಅದರ ಮೇಲೆ 10.75 ಮಿಲಿ ಹಾಲು, ಆಮೇಲೆ 1 ಮಿಲಿ ಅಮೈಲ್ ಆಲ್ಕೋಹಾಲ್. ಹಾಲನ್ನು ಪಿಪೆಟ್ಟಿನಲ್ಲಿ ಬಾಯಿಂದ ಎಳೆದು ಗೆರೆಗೆ ಸರಿಯಾಗಿ ನಿಲ್ಲಿಸಬೇಕು. ಒಂದು ಮುಂಜಾನೆ ಹಾಗೆ ಎಳೆಯುತ್ತಿರುವಾಗಲೇ ನನಗೆ "ಹಿಕ್" ಎಂದು ಬಿಕ್ಕಳಿಕೆ ಬಂತು. ಹಾಲು ಗೆರೆ ದಾಟಿ ಬಾಯಿಗೆ ಬಂತು, ಅಲ್ಲಿಂದ ಮೂಗಿಗೂ ಏರಿತು. ಮತ್ತೆ ಎಳೆದೆ, ಮತ್ತೆ "ಹಿಕ್". ಮೂರನೆಯ ಸಲಕ್ಕೆ ಸಾಲಿನಲ್ಲಿದ್ದ ಸದಸ್ಯರೊಬ್ಬರು ಹೇಳಿದರು: "ಟೆಸ್ಟರ್ ಸಾಹೇಬ್ರ, ನಮ್ಮ ಎಮ್ಮಿ ಹಾಲೆಲ್ಲ ನೀವೇ ಕುಡದ್ರ ಫ್ಯಾಟ್ ಯಾರಿಗಿ ಬರ್ತದ?"

ಸಾಲಿನಲ್ಲಿದ್ದವರೆಲ್ಲ ವೈದ್ಯರಾದರು. ಒಬ್ಬರು "ಉಸಿರು ಹಿಡೀರಿ" ಎಂದರು. ಇನ್ನೊಬ್ಬರು "ಯಾರೋ ನೆನಸಲಾಕತ್ತಾರ, ಹೆಸರು ಹೇಳ್ರಿ" ಎಂದರು. ಹೆಂಡತಿಯ ಹೆಸರು ಹೇಳಿದೆ, ತಂಗಿಯ ಹೆಸರು ಹೇಳಿದೆ, ಸಾಲ ಕೊಟ್ಟವರ ಹೆಸರೂ ಹೇಳಿದೆ. ನಿಲ್ಲಲಿಲ್ಲ. ಕೊನೆಗೆ ಮುದುಕಿ ಆಯಿಯೊಬ್ಬರು ಮುಂದೆ ಬಂದು ಗಟ್ಟಿಯಾಗಿ ಕೇಳಿದರು: "ಏ ತಮ್ಮಾ, ನಿನ್ನಿ ಸಂಜಿಗಿ ಗಲ್ಲಾದಾಗಿನ ನೂರು ರೂಪಾಯಿ ಯಾಕ ತಗೊಂಡಿ?"

ನನಗೆ ಎದೆ ಧಸಕ್ಕೆಂದಿತು. "ನಾನಾ? ಯಾವ ನೂರು ರೂಪಾಯಿ?" ಎಂದೆ. ಆಯಿ ನಕ್ಕು, "ನೋಡ್ರಿ, ನಿಂತೇ ಬಿಡ್ತು" ಎಂದರು. ಹೌದು, ನಿಂತಿತ್ತು. ಕಳ್ಳತನ ಹೊರಿಸಿ ಬಿಕ್ಕಳಿಕೆ ನಿಲ್ಲಿಸುವ ಈ ಮದ್ದು ನಿಮ್ಮ ಮನೆಗಳಲ್ಲೂ ಇದೆ. ಆದರೆ ಸಾಲಿನ ಹಿಂದೆ ನಿಂತವರು ಮೊದಲ ಮಾತು ಮಾತ್ರ ಕೇಳಿದ್ದರು, ನಗೆ ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ಊರಲ್ಲಿ ನೂರು ರೂಪಾಯಿ ಸಾವಿರವಾಗಿತ್ತು! ಮರುದಿನ ಅಧ್ಯಕ್ಷರು ಎಲ್ಲರೆದುರು ಪುಸ್ತಕ ಓದಿಸಿ, ಗಲ್ಲಾ ಎಣಿಸಿದರು. ಪೈಸೆ ಪೈಸೆ ತಾಳೆಯಾಯಿತು. ಲೆಕ್ಕದ ಪುಸ್ತಕ ಸರಿಯಾಗಿತ್ತೆಂದು ನಾನು ಉಳಿದೆ.

ಇನ್ನೊಂದು ಕಲಬುರಗಿ ನಗರದ್ದು. ಆಗ ನಾವು ಗುಲ್ಬರ್ಗಾ ಎನ್ನುತ್ತಿದ್ದೆವು, 2014ರಲ್ಲಿ ಅಧಿಕೃತವಾಗಿ ಕಲಬುರಗಿ ಆಯಿತು. ಒಂದು ಸಭೆಗೆ ಹೋದವನು ಬಸ್ ಇಳಿದ ಕೂಡಲೇ ಬಿಸಿ ಮಿರ್ಚಿ ಭಜಿ ತಿಂದು, ಮೇಲೆ ತಣ್ಣನೆಯ ಸೋಡಾ ಕುಡಿದೆ. ಸಭೆಯಲ್ಲಿ ಠರಾವು ಓದಿದ ಅಧ್ಯಕ್ಷರು "ಯಾರದಾದರೂ ಆಕ್ಷೇಪಣೆ ಇದೆಯೇ?" ಎಂದು ಕೇಳಿದರು. ಸಭಾಂಗಣವೆಲ್ಲ ನಿಶ್ಶಬ್ದ. ಆಗ ಹಿಂದಿನ ಸಾಲಿನಿಂದ "ಹಿಕ್!" ಅಧ್ಯಕ್ಷರು "ಯಾರ್ರೀ ಅದು? ಎದ್ದು ನಿಂತು ಹೇಳ್ರಿ" ಎಂದರು. ಎದ್ದು ನಿಂತೆ. "ಆಕ್ಷೇಪಣೆ ಇಲ್ಲ" ಎನ್ನಲು ಹೋದರೆ "ಆಕ್ಷೇ... ಹಿಕ್" ಎಂದಾಯಿತು. ಸಭೆಯೆಲ್ಲ ನಕ್ಕಿತು, ಠರಾವು ಪಾಸಾಯಿತು.

ಬಂಧುಗಳೇ, ಈ ಬಿಕ್ಕಳಿಕೆ ಎಂದರೇನು? ನಮ್ಮ ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಮಾಂಸದ ಪರದೆ ಇದೆ. ಉಸಿರಾಟ ನಡೆಯುವುದು ಅದರಿಂದಲೇ. ಅವಸರದ ಊಟ, ಖಾರ, ಸೋಡಾ, ಹೆಂಡ, ಜೋರಾದ ನಗೆ ಇವುಗಳಿಂದ ಅದಕ್ಕೆ ಸಂಬಂಧಿಸಿದ ನರ ಕೆರಳಿದರೆ ವಪೆ ಒಮ್ಮೆಲೇ ಸೆಳೆಯುತ್ತದೆ. ಗಾಳಿ ಒಳಗೆ ನುಗ್ಗುವಾಗ ಗಂಟಲಿನ ಬಾಗಿಲು ತಟ್ಟನೆ ಮುಚ್ಚುತ್ತದೆ. ಆ ಸದ್ದೇ "ಹಿಕ್". ಉಸಿರು ಹಿಡಿಯುವುದು, ತಣ್ಣೀರನ್ನು ಗುಟುಕು ಗುಟುಕಾಗಿ ಕುಡಿಯುವುದು ಇವೆಲ್ಲ ಆ ನರದ ಗಮನ ಬೇರೆಡೆ ತಿರುಗಿಸುವ ಉಪಾಯಗಳು. 1971ರಲ್ಲಿ ಅಮೆರಿಕದ ವೈದ್ಯರು 20 ಜನರಿಗೆ ಒಂದೊಂದು ಚಮಚ ಒಣ ಸಕ್ಕರೆ ನುಂಗಿಸಿ ನೋಡಿದರು, 19 ಜನರಿಗೆ ನಿಂತಿತು. ನಮ್ಮ ಅಜ್ಜಿಯರೂ ಸಕ್ಕರೆಯನ್ನೇ ಕೊಡುತ್ತಿದ್ದರು.

ನಮ್ಮ ಹಾಗೆ ಜಾನುವಾರು ಸಾಕುವವನೊಬ್ಬನ ಸಂಗತಿ ಕೇಳಿ. ಅಮೆರಿಕದ ಅಯೋವಾ ರಾಜ್ಯದ ರೈತ ಚಾರ್ಲ್ಸ್ ಓಸ್ಬರ್ನ್ 1922ರಲ್ಲಿ ಹಂದಿಯೊಂದನ್ನು ತೂಗುವಾಗ ಬಿಕ್ಕಳಿಕೆ ಹಿಡಿಯಿತು. ಅದು ನಿಂತದ್ದು 1990ರಲ್ಲಿ, 68 ವರ್ಷಗಳ ನಂತರ! ಮರುವರ್ಷ ಆತ ತೀರಿಕೊಂಡ.

ಈಗ ನಗೆಯ ಮಾತು ಬಿಟ್ಟು ಒಂದು ವಿಷಯ ಹೇಳಬೇಕು. ನಮ್ಮ ಸೋದರಮಾವನಿಗೆ ಒಂದು ಸೋಮವಾರ ಬಿಕ್ಕಳಿಕೆ ಶುರುವಾಯಿತು. "ಸೊಲ್ಲಾಪುರದಾಗಿನ ಮಗಳು ನೆನಸಲಾಕತ್ತಾಳ" ಎಂದು ಮನೆಯವರೆಲ್ಲ ನಕ್ಕೆವು. ನಾನೂ ಕಳ್ಳತನ ಹೊರಿಸಿ ನೋಡಿದೆ. ಮಂಗಳವಾರ, ಬುಧವಾರ ಕಳೆದರೂ ನಿಲ್ಲಲಿಲ್ಲ, ಊಟವೂ ಸೇರಲಿಲ್ಲ. ಬುಧವಾರ ಸಂಜೆ ಅವರ ಎಮ್ಮೆ ಮೆಲುಕು ಹಾಕಲಿಲ್ಲ. ಮಾವ ಬಿಕ್ಕುತ್ತಲೇ ಮಗನನ್ನು ಸೈಕಲ್ ಮೇಲೆ ಪಶುವೈದ್ಯರ ಕಡೆ ಓಡಿಸಿದರು. ಮರುದಿನ ಮುಂಜಾನೆ ಬಂದ ವೈದ್ಯರು ಎಮ್ಮೆಗೆ ಔಷಧ ಕೊಟ್ಟು, ಮಾವನ ಮುಖ ನೋಡಿ, "ಎಮ್ಮೆ ಸಂಜೆಗೆ ಸುಧಾರಿಸುತ್ತದೆ. ನಿಮಗೆ ಇದು ಎಷ್ಟು ದಿನದಿಂದ?" ಎಂದು ಕೇಳಿದರು. ಅಂದೇ ಕಲಬುರಗಿಗೆ ಕರೆದೊಯ್ದೆವು. ರಕ್ತ ಪರೀಕ್ಷೆ ಮಾಡಿದಾಗ ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ತಿಳಿಯಿತು. ಚಿಕಿತ್ಸೆಯಿಂದ ಬಿಕ್ಕಳಿಕೆ ನಿಂತಿತು, ಮಾವ ಮುಂದೆ ಕೆಲವು ವರ್ಷ ಬದುಕಿದರು. ಆದರೆ ಆ ಮೂರು ದಿನದ ನಮ್ಮ ನಗೆ ನೆನೆಸಿಕೊಂಡರೆ ಇಂದಿಗೂ ನಾಚಿಕೆಯಾಗುತ್ತದೆ.

ಆದುದರಿಂದ ಇಷ್ಟು ನೆನಪಿಡಿ. ಬಿಕ್ಕಳಿಕೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ತಾನೇ ನಿಲ್ಲುತ್ತದೆ. 48 ತಾಸು ದಾಟಿದರೆ ವೈದ್ಯರಲ್ಲಿಗೆ ಹೋಗಲೇಬೇಕು. ಎದೆನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ನುಂಗಲು ಆಗದಿರುವುದು ಇದರ ಜೊತೆಗಿದ್ದರೆ ಒಂದು ತಾಸೂ ಕಾಯಬೇಡಿ. ಬಿಕ್ಕುವವರ ಬಾಯಿಗೆ ಬಲವಂತವಾಗಿ ನೀರು ಸುರಿಯಬೇಡಿ. ದನಕ್ಕೆ ತಲೆ ಎತ್ತಿ ಹಿಡಿದು ಗೊಟ್ಟದಿಂದ ಔಷಧ ಹಾಕುವಾಗ ಅದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಬರುವುದು ನಿಮಗೆ ಗೊತ್ತೇ ಇದೆ, ಮನುಷ್ಯರಿಗೂ ಅದೇ ಅಪಾಯ. ಹಸುಗೂಸು ಬಿಕ್ಕಿದರೆ ಹೆದರಬೇಡಿ. ಹೆಗಲ ಮೇಲೆ ನೆಟ್ಟಗೆ ಹಿಡಿದು ಮೆಲ್ಲಗೆ ಬೆನ್ನು ಸವರಿ, ಸಾಕು.

ಎಮ್ಮೆ ಒಂದು ಹೊತ್ತು ಮೆಲುಕು ಹಾಕದಿದ್ದರೆ ನಾವು ರಾತ್ರಿಯಲ್ಲೂ ಓಡುತ್ತೇವೆ. ಹಾಲು ಕರೆಯುವ ಕೈಗಳ ಬಗ್ಗೆಯೂ ಅಷ್ಟೇ ಕಾಳಜಿ ಇರಲಿ. ಮನೆಯಲ್ಲಿ ಹಿರಿಯರು ಮೂರು ದಿನದಿಂದ ಬಿಕ್ಕುತ್ತಿದ್ದರೆ ಯಾರು ನೆನೆಸುತ್ತಿದ್ದಾರೆಂದು ಹುಡುಕಬೇಡಿ, ನೀವೇ ಅವರನ್ನು ನೆನೆಸಿ ಆಸ್ಪತ್ರೆಗೆ ಕರೆದೊಯ್ಯಿರಿ.